ಸ್ವಿಂಗ್ ಹಾಗೇ ಇರಲಿ, ಮೊದಲು ಆ ಏಳು-ಎಂಟು ಬೀಳೋದನ್ನ ನಿಲ್ಲಿಸಿ

ಕೋಚ್ ಹತ್ರ ಹೋದರೂ ಗಾಲ್ಫ್ ಸ್ಕೋರ್ 95 ಹೊಡೆತದ ಆಸುಪಾಸಲ್ಲೇ ಇದೆ, ಬರೀ ನಿರ್ಧಾರಗಳನ್ನು ಬದಲಿಸಿ 90ರ ಒಳಗೆ ಬರಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರಬಹುದು. ಪಾರ್ (ನಿಗದಿತ ಹೊಡೆತಗಳ ಲೆಕ್ಕ) 72 ಇರುವ ಕೋರ್ಸ್‌ನಲ್ಲಿ 18 ಹೋಲ್‌ಗೂ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೆಚ್ಚು, ಆದರೆ 90. ಅದರಲ್ಲಿ ಒಂದೇ ಒಂದು ಪಾರ್ ಸಿಕ್ಕರೆ 89. ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಬೇಕಾಗೇ ಇಲ್ಲ. ಕಾರ್ಡಿನಲ್ಲಿ ಅಲ್ಲಲ್ಲಿ ಒಂದೇ ಹೋಲ್‌ಗೆ ಕೂತಿರುವ 7, 8 ಹೋದರೆ ಸಾಕು.

ಕೆಟ್ಟ ಹೊಡೆತ ಎಲ್ಲರಿಗೂ ಬೀಳುತ್ತದೆ. ಸ್ಕೋರ್ ಹಾಳಾಗುವುದು ಹೆಚ್ಚಾಗಿ ಅದರ ಮುಂದಿನ ಹೊಡೆತದಲ್ಲಿ. ಪಾರ್ 4 ಹೋಲ್‌ನಲ್ಲಿ ಡ್ರೈವ್ (ಮೊದಲ ಹೊಡೆತ) ಬಲಕ್ಕೆ ತಿರುಗಿ ಮರಗಳ ಮಧ್ಯೆ ಬಿತ್ತು ಅನ್ನಿ. ಎರಡು ಮರದ ನಡುವೆ ಸಣ್ಣ ಸಂದಿ, ಅದರಾಚೆ ಬಾವುಟ ಕಾಣುತ್ತಿದೆ. ಕೈ ತುರಿಸುತ್ತದೆ, ಅಲ್ವಾ? ಹತ್ತು ಬಾಲ್ ಕೊಟ್ಟರೆ ಎಷ್ಟು ಆ ಸಂದಿಯಲ್ಲಿ ತೂರುತ್ತವೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಏಳಕ್ಕಿಂತ ಕಡಿಮೆ ಅನ್ನಿಸಿದರೆ ನಾನಂತೂ ಬಾಲನ್ನು ಪಕ್ಕಕ್ಕೆ ತಳ್ಳಿಬಿಡುತ್ತೇನೆ. 7 ಐರನ್ ಕ್ಲಬ್, ಬಾಲ್ ಹಿಂದಿನ ಕಾಲಿನ ಕಡೆ, ಅರ್ಧ ಸ್ವಿಂಗ್, ನೇರ ಫೇರ್‌ವೇಗೆ (ನಡುವಿನ ಕತ್ತರಿಸಿದ ಹುಲ್ಲಿಗೆ). ಅಲ್ಲಿಂದ ಗ್ರೀನ್ (ಬಾವುಟದ ಸುತ್ತಲಿನ ನುಣುಪು ಹುಲ್ಲು), ಎರಡು ಪಟ್ (ಬಾಲ್ ಉರುಳಿಸುವ ಹೊಡೆತ). ಬೋಗಿ. ಜೊತೆಯವರು ನಕ್ಕರೆ ನಗಲಿ.

2007ರ ಮಾಸ್ಟರ್ಸ್ ಟೂರ್ನಿಯಲ್ಲಿ ಅಮೆರಿಕದ ಝಾಕ್ ಜಾನ್ಸನ್ ನಾಲ್ಕು ದಿನವೂ ಒಂದು ಪಾರ್ 5ರಲ್ಲಿ ಕೂಡ ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಲು ಹೋಗಲಿಲ್ಲ. ಪ್ರತಿ ಸಲ ಲೇ ಅಪ್ ಮಾಡಿ (ಬಾಲನ್ನು ಬೇಕೆಂದೇ ಗ್ರೀನ್‌ಗಿಂತ ಹಿಂದೆ ನಿಲ್ಲಿಸಿ), ವೆಜ್‌ನಲ್ಲಿ (ಹತ್ತಿರದ ಹೊಡೆತದ ಕ್ಲಬ್‌ನಲ್ಲಿ) ಬಾವುಟದ ಹತ್ತಿರ ಇಟ್ಟರು. ಆ ಪಾರ್ 5ಗಳಲ್ಲೇ 11 ಅಂಡರ್ (ಪಾರ್‌ಗಿಂತ 11 ಕಡಿಮೆ). ಟೈಗರ್ ವುಡ್ಸ್‌ಗಿಂತ ಎರಡು ಹೊಡೆತ ಮುಂದಿದ್ದು ಗೆದ್ದರು. ಆದರೆ ಇದನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ಅವರ ವೆಜ್ ಅಷ್ಟು ಚೆನ್ನಾಗಿತ್ತು. ಮುಂದೆ ನೀರು, ಬಂಕರ್ (ಮರಳಿನ ಗುಂಡಿ) ಏನೂ ಇಲ್ಲ ಅಂದರೆ ಸುಮ್ನೆ ಹಿಂದೆ ನಿಲ್ಲಿಸಿ ಲಾಭವಿಲ್ಲ, ಗ್ರೀನ್‌ಗೆ ಆದಷ್ಟು ಹತ್ತಿರ ಹೋಗಿ.

ಇನ್ನು ಕ್ಲಬ್ ಆಯ್ಕೆ. ಐರನ್‌ನ ನಂಬರ್ ಕಡಿಮೆಯಾದಷ್ಟೂ ಬಾಲ್ ದೂರ ಹೋಗುತ್ತದೆ. ಕ್ಯಾಡಿ 6 ಐರನ್ ಕೈಗಿಟ್ಟರೆ "8 ಕೊಡಪ್ಪ" ಅನ್ನುವವರು ನಮ್ಮಲ್ಲಿ ಜಾಸ್ತಿ. ಯಾವತ್ತೋ ಒಮ್ಮೆ ಹಿಂದಿನಿಂದ ಗಾಳಿ ಇದ್ದಾಗ ಹೋದ ದೂರವೇ ನೆನಪಲ್ಲಿ ಉಳಿದಿರುತ್ತದೆ. ಬಾಲ್ ಮುಂದಿನ ಬಂಕರ್‌ಗೆ ಬೀಳುತ್ತದೆ. ಪಿನ್ (ಬಾವುಟದ ಕೋಲು) ಮರೆತು ಗ್ರೀನ್‌ನ ಮಧ್ಯಕ್ಕೆ ಎಷ್ಟು ಗಜ ಅಂತ ನೋಡಿ, ನಿಮ್ಮ ಸಾಧಾರಣ ಹೊಡೆತಕ್ಕೆ ತಕ್ಕ ಕ್ಲಬ್ ಎತ್ತಿಕೊಳ್ಳಿ. ಬೆಂಗಳೂರಿನಲ್ಲಿ ಆಡುವವರು ಇನ್ನೊಂದು ಗಮನಿಸಬೇಕು. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಬಾಲ್ ಸ್ವಲ್ಪ ಜಾಸ್ತಿ ಹಾರುತ್ತದೆ. ಚೆನ್ನೈಗೆ ಹೋಗಿ ಅದೇ ಲೆಕ್ಕ ಹಿಡಿದರೆ ಗ್ರೀನ್ ತಲುಪುವುದಿಲ್ಲ.

ದೂರ ಹೊಡೆಯಲಾಗಲ್ಲ ಅನ್ನುವ ಚಿಂತೆ ಇದ್ದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರಿಗಿಂತ ಎಷ್ಟೋ ಉದ್ದ ಹೊಡೆಯುವವರಿದ್ದರು. ಅದಿತಿ ನಾಲ್ಕನೆಯವರಾದದ್ದು ಹೆಚ್ಚಾಗಿ ಪಟರ್ ಬಲದಿಂದ.

ಕೊನೆಗೆ ಟೀ ಬಾಕ್ಸ್, ಅಂದರೆ ಮೊದಲ ಹೊಡೆತದ ಜಾಗ. ಬಲಕ್ಕೆ ಬಿಳಿ ಗೂಟ (ಕೋರ್ಸ್‌ನ ಗಡಿ ಗುರುತು) ಇದ್ದರೆ ಬಲತುದಿಯಲ್ಲೇ ಟೀ ಇಟ್ಟು ಎಡಕ್ಕೆ ಗುರಿ ಹಿಡಿಯಿರಿ. ಓಬಿ (ಗಡಿಯಾಚೆ) ಹೋದರೆ ದಂಡದ ಹೊಡೆತವೂ ಸೇರಿ, ಟೀಯಿಂದ ಮತ್ತೆ ಹೊಡೆಯುವುದು ಮೂರನೇ ಹೊಡೆತ. ಅಂಥ ಹೋಲ್‌ನಲ್ಲಿ ಅತಿ ದೂರ ಹೊಡೆಯುವ ಡ್ರೈವರ್ ಬ್ಯಾಗಲ್ಲೇ ಇರಲಿ, ಹಿಡಿತಕ್ಕೆ ಸುಲಭವಾದ ಹೈಬ್ರಿಡ್ ತೆಗೆಯಿರಿ.