ಹೂವೂ ಅನಿಮೋನ್, ಮೀನು ತಿನ್ನುವುದೂ ಅನಿಮೋನ್!

ಪ್ರಶ್ನೆ: ಮಗಳ ಪುಸ್ತಕದಲ್ಲಿ ಅನಿಮೋನ್ ಅಂದರೆ ಬಿಳಿ ಹೂವಿನ ಗಿಡ. ಟೀವಿಯಲ್ಲಿ ನೋಡಿದರೆ ಮೀನು ಹಿಡಿದು ತಿನ್ನುವ ಪ್ರಾಣಿ! ಯಾವುದು ಸರಿ?

ಉತ್ತರ: ಎರಡೂ ಸರಿ. ಆದರೆ ಒಂದಕ್ಕೊಂದು ನಂಟಿಲ್ಲ. ನೆಲದ್ದು ಬಟರ್‌ಕಪ್ ಕುಟುಂಬದ ಗಿಡ. ಕಡಲಿನದು ಹವಳ, ಲೋಳೆಮೀನುಗಳ ದಾಯಾದಿ. ಬಣ್ಣದ ತೋಳು ಹರಡಿ ಕೂತಾಗ ಹೂವಿನ ಹಾಗೇ ಕಾಣುತ್ತದೆ ಅಂತ ಹೂವಿನ ಹೆಸರನ್ನೇ ಅದಕ್ಕೂ ಇಟ್ಟರು, ಅಷ್ಟೇ.

ಮಗಳ ಪುಸ್ತಕದಲ್ಲಿರುವುದು ಬಹುಶಃ ಯುರೋಪಿನ ವುಡ್ ಅನಿಮೋನ್. ಮಾರ್ಚ್, ಏಪ್ರಿಲ್ ಹೊತ್ತಿಗೆ ಅಲ್ಲಿನ ಮರಗಳು ಇನ್ನೂ ಬೋಳು. ಬಿಸಿಲು ಕಾಡಿನ ನೆಲಕ್ಕೆ ನೇರವಾಗಿ ಬೀಳುತ್ತದೆ. ಮರ ಚಿಗುರಿ ನೆರಳು ಕವಿಯುವ ಮೊದಲೇ ಈ ಗಿಡ ಹೂಬಿಟ್ಟು ಕೆಲಸ ಮುಗಿಸಿಕೊಳ್ಳುತ್ತದೆ. ಎಸಳು ಅಂತ ನಾವು ನೋಡುವುದು ನಿಜವಾದ ಎಸಳಲ್ಲ, ಎಸಳಿನ ವೇಷ ಹಾಕಿದ ಪುಷ್ಪಪತ್ರ. ರಾತ್ರಿಯಾದರೆ, ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ. ನೆಲದಡಿಯ ಕಾಂಡದಿಂದ ಹಬ್ಬುವುದು ಬಲು ನಿಧಾನ, ನೂರು ವರ್ಷಕ್ಕೆ ಸುಮಾರು 6 ಅಡಿ. ಹಾಗಾಗಿ ಎಲ್ಲಾದರೂ ಇದು ಹಾಸಿದಂತೆ ಬೆಳೆದಿದ್ದರೆ ಆ ಕಾಡು ತುಂಬಾ ಹಳೆಯದು ಅಂತ ತಿಳಿದವರು ಊಹಿಸುತ್ತಾರೆ. ಚೆಂದ ಇದೆ ಅಂತ ಸುಮ್ನೆ ಕಿತ್ತು ಹಿಸುಕಬೇಡಿ, ರಸ ತಾಗಿದರೆ ಚರ್ಮ ಉರಿಯುತ್ತದೆ.

ಪ್ರಶ್ನೆ: ಕಡಲಿನದು ಪ್ರಾಣಿಯಾದರೆ ಕೂತಲ್ಲೇ ಯಾಕೆ ಕೂತಿರುತ್ತದೆ?

ಉತ್ತರ: ಕೂತಿರುವುದಿಲ್ಲ! ನಮಗೆ ತಾಳ್ಮೆ ಕಡಿಮೆ, ಅಷ್ಟೇ. ಅಡಿಯ ಚಪ್ಪಟೆ ಪಾದದಿಂದ ಅದು ಬಂಡೆಯ ಮೇಲೆ ತೆವಳುತ್ತದೆ. ನನ್ನನ್ನು ಕೇಳಿದರೆ ಬೀಡ್‌ಲೆಟ್ ಅನಿಮೋನನ್ನು ನೋಡಿ ಅಂತೀನಿ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಅದು ತೋಳು ಒಳಗೆಳೆದುಕೊಂಡು ಕೆಂಪು ಜೆಲ್ಲಿ ಉಂಡೆಯಂತೆ ಬಂಡೆಗೆ ಅಂಟಿಕೊಂಡಿರುತ್ತದೆ. ನೀರು ಬಂದರೆ ಮೆಲ್ಲಗೆ ಅರಳುತ್ತದೆ. ಆಗ ತೋಳುಗಳ ಬುಡದಲ್ಲಿ ಸುತ್ತಲೂ ನೀಲಿ ಮಣಿಗಳು ಕಾಣಿಸುತ್ತವೆ. ಅಲಂಕಾರ ಅಂದುಕೊಂಡಿರಾ? ಆಯುಧ! ಪಕ್ಕದವನು ತೀರಾ ಹತ್ತಿರ ಬಂದರೆ ಆ ಮಣಿಗಳನ್ನು ಉಬ್ಬಿಸಿ ಅವನ ಮೈಗೆ ಒತ್ತುತ್ತದೆ. ಕುಟುಕು ಕೋಶ ತುಂಬಿದ ಸಿಪ್ಪೆ ಎದುರಾಳಿಯ ಮೈಗೆ ಅಂಟಿಕೊಂಡು ಅಲ್ಲಿ ಸುಟ್ಟಂತಾಗುತ್ತದೆ. ಸೋತವನು ಅಂಗುಲ ಅಂಗುಲವಾಗಿ ಜಾಗ ಖಾಲಿ ಮಾಡುತ್ತಾನೆ. ಹೂವು ಅಂದವರು ಈ ಜಗಳ ನೋಡಿರಲಿಲ್ಲ ಅಂತ ಕಾಣುತ್ತದೆ.

ಊಟಕ್ಕೂ, ಕಸ ಹೊರಹಾಕುವುದಕ್ಕೂ ಕಡಲಿನ ಅನಿಮೋನಿಗಿರುವುದು ಒಂದೇ ಬಾಯಿ. ಬದುಕುವ ಜಾಗವೂ ಒಂದೆರಡಲ್ಲ. ಉಪ್ಪು ಕಡಿಮೆಯಾದ ಅಳಿವೆಯ ಕೆಸರಿನಲ್ಲೂ ಸಿಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಒಂದು ಜಾತಿಯಂತೂ ಮಂಜಿನ ಹಾಸಿನ ತಳಕ್ಕೆ ತಲೆಕೆಳಗಾಗಿ ನೇತುಬಿದ್ದಿದೆ. ಅದನ್ನು 2013ರಲ್ಲಿ ಹೊಸ ಜಾತಿ ಅಂತ ವರ್ಣಿಸಿದರು.

ಪ್ರಶ್ನೆ: ಮನೆಯ ಅಕ್ವೇರಿಯಂಗೆ ಕ್ಲೌನ್ ಮೀನು ತರಬೇಕು. ಜೊತೆಗೆ ಅನಿಮೋನ್ ಬೇಕೇ ಬೇಕಾ?

ಉತ್ತರ: ಬೇಡ. ಕಡಲಿನಲ್ಲಿ ಕ್ಲೌನ್ ಮೀನು ಅನಿಮೋನಿನ ಕುಟುಕುವ ತೋಳುಗಳ ನಡುವೆಯೇ ಮನೆ ಮಾಡಿಕೊಳ್ಳುತ್ತದೆ, ಅವೆರಡರ ಕೊಡುಕೊಳ್ಳುವಿಕೆ ಚೆನ್ನಾಗಿದೆ. ಮೀನಿನ ಮೈಯ ಲೋಳೆ ಅದನ್ನು ಕುಟುಕಿನಿಂದ ಕಾಪಾಡುತ್ತದೆ. ಅನಿಮೋನನ್ನು ಕಚ್ಚಿ ತಿನ್ನಲು ಬರುವ ಮೀನುಗಳನ್ನು ಕ್ಲೌನ್ ಮೀನು ಓಡಿಸುತ್ತದೆ. ಅದರ ಹೊಲಸೂ ಅನಿಮೋನಿನ ಮೈಯೊಳಗಿನ ಪಾಚಿಗೆ ಗೊಬ್ಬರ. ಆದರೆ ಸಾವಿರಕ್ಕೂ ಜಾಸ್ತಿ ಅನಿಮೋನ್ ಜಾತಿಗಳಲ್ಲಿ ಈ ಮೀನಿಗೆ ಮನೆ ಕೊಡುವುದು ಹತ್ತರ ಆಸುಪಾಸು ಮಾತ್ರ. ತೊಟ್ಟಿಯಲ್ಲಿ ಸಾಕಿದ ಕ್ಲೌನ್ ಮೀನು ಅನಿಮೋನ್ ಇಲ್ಲದೆಯೂ ಆರಾಮಾಗಿರುತ್ತದೆ.

ಅನಿಮೋನಿಗೆ ಜೋರು ಬೆಳಕು ಬೇಕು, ನೀರು ಏರುಪೇರಾಗಬಾರದು. ಜಾಗ ಹಿಡಿಸದಿದ್ದರೆ ತೆವಳುತ್ತಾ ಹೋಗಿ ಪಂಪಿಗೆ ಸಿಕ್ಕಿ ಚಿಂದಿಯಾಗುತ್ತದೆ. ಇನ್ನೊಂದು ವಿಷಯ. ಸ್ಕಾಟ್ಲೆಂಡಿನಲ್ಲಿ ಜಾನ್ ಡಾಲ್ಯೆಲ್ ಎಂಬುವರು 1828ರಲ್ಲಿ ತಂದ ಒಂದು ಬೀಡ್‌ಲೆಟ್ ಅವರು ತೀರಿಕೊಂಡ ಮೇಲೂ ಬದುಕಿತ್ತು. ಕೈಯಿಂದ ಕೈಗೆ ದಾಟಿ, 'ಗ್ರ್ಯಾನಿ' ಅಂತ ಹೆಸರು ಪಡೆದು, 1887ರವರೆಗೂ ಜಾಡಿಯಲ್ಲಿತ್ತು. ತರುವುದೇ ಆದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ ಅಂತ ಮನೆಯವರನ್ನು ಈಗಲೇ ಕೇಳಿಡಿ.