ಟೆಕ್ಸಾಸ್‌ನಲ್ಲಿ ತಮ್ಮನ ಅರೆಸ್ಟ್ ಆಗಿದೆ. ಬೇಲ್ ಬಾಂಡ್‌ಗೆ ಕೊಟ್ಟ ದುಡ್ಡು ವಾಪಸ್ ಬರುತ್ತಾ?

ನೀವು ಬರೆದಿದ್ದರಿಂದ ನನಗೆ ಅರ್ಥವಾಗಿದ್ದು ಇಷ್ಟು. ತಮ್ಮ ಎಚ್-1ಬಿ ವೀಸಾದಲ್ಲಿ ಡಲ್ಲಾಸ್ ಹತ್ತಿರ ಇದ್ದಾನೆ. ಶನಿವಾರ ರಾತ್ರಿ ಗಂಡ ಹೆಂಡತಿ ಜಗಳದ ಸದ್ದು ಕೇಳಿ ಪಕ್ಕದ ಅಪಾರ್ಟ್‌ಮೆಂಟಿನವರು 911ಗೆ ಫೋನ್ ಮಾಡಿದರು, ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಈಗ 5,000 ಡಾಲರ್ ಬಾಂಡ್, ಅಂದರೆ ಜಾಮೀನಿನ ಮೊತ್ತ, ಗೊತ್ತಾಗಿದೆ; ಯಾರೋ ಬಾಂಡ್ಸ್‌ಮನ್‌ಗೆ, ಅಂದರೆ ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವವನಿಗೆ, 500 ಕೊಟ್ಟರೆ ಬಿಡುತ್ತಾರೆ ಅಂತ ಗೆಳೆಯನೊಬ್ಬ ಹೇಳಿದ್ದಾನೆ. ದಾವಣಗೆರೆಯಲ್ಲಿ ಕೂತು ಏನು ಮಾಡಬೇಕು, ಆ ದುಡ್ಡು ವಾಪಸ್ ಬರುತ್ತಾ ಅನ್ನುವುದು ನಿಮ್ಮ ಪ್ರಶ್ನೆ.

ಬರುವುದಿಲ್ಲ. ಆ 500 ಬಾಂಡ್ಸ್‌ಮನ್‌ನ ಫೀಸು. ನಾಳೆಯೇ ಕೇಸು ಬಿದ್ದುಹೋದರೂ ಅದು ಅವನದೇ. ಆದರೆ ದುಡ್ಡಿಗಿಂತ ನೀವು ಹೆಚ್ಚು ಗಮನ ಕೊಡಬೇಕಾದದ್ದು ಬೇರೆ ಎರಡಿವೆ: ಜೈಲಿನಲ್ಲಿ ತೆಗೆದುಕೊಂಡ ಬೆರಳಚ್ಚು, ಮತ್ತು ಬಿಡುವಾಗ ಕೈಗೆ ಕೊಡುವ ಷರತ್ತಿನ ಕಾಗದ. ನಾನು ವಕೀಲನಲ್ಲ. ಡಲ್ಲಾಸ್ ಪಕ್ಕದಲ್ಲಿ ಬಹಳ ವರ್ಷದಿಂದ ಇದ್ದೇನೆ, ನಮ್ಮವರ ಮನೆಗಳಲ್ಲಿ ಇಂಥದ್ದಾದಾಗ ಜೊತೆಗೆ ಓಡಾಡಿದ್ದೇನೆ. ಕೆಳಗಿರುವುದೆಲ್ಲ ಟೆಕ್ಸಾಸ್ ಲೆಕ್ಕ. ಇಲ್ಲಿ ರಾಜ್ಯಕ್ಕೊಂದು ಕಾನೂನು. ಇಲಿನಾಯ್ 2023ರ ಸೆಪ್ಟೆಂಬರ್‌ನಲ್ಲಿ ನಗದು ಜಾಮೀನನ್ನೇ ತೆಗೆದುಹಾಕಿತು; ಕೆಂಟಕಿ, ವಿಸ್ಕಾನ್ಸಿನ್, ಆರೆಗಾನ್‌ಗಳಲ್ಲಿ ಬಾಂಡ್ಸ್‌ಮನ್ ದಂಧೆಗೇ ಅವಕಾಶವಿಲ್ಲ.

ಮೊದಲು ಅವನು ಎಲ್ಲಿದ್ದಾನೆ ಅಂತ ಖಚಿತ ಮಾಡಿಕೊಳ್ಳಿ. ಇಲ್ಲಿ ಜೈಲು ನಡೆಸುವುದು ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್. ಕೆಲವು ನಗರಗಳಿಗೆ ಸ್ವಂತ ಲಾಕಪ್ ಇರುತ್ತದೆ, ಅಲ್ಲಿಂದ ಆಮೇಲೆ ಕೌಂಟಿ ಜೈಲಿಗೆ ಸಾಗಿಸುತ್ತಾರೆ. ಫ್ರಿಸ್ಕೋ ಅನ್ನುವ ಊರು ಅರ್ಧ ಕಾಲಿನ್ ಕೌಂಟಿಯಲ್ಲಿ, ಅರ್ಧ ಡೆಂಟನ್ ಕೌಂಟಿಯಲ್ಲಿದೆ. ಬೀದಿ ಯಾವುದು ಅನ್ನುವುದರ ಮೇಲೆ ಜೈಲು ಮಕಿನಿಯಲ್ಲೋ ಡೆಂಟನ್‌ನಲ್ಲೋ ಅಂತ ತೀರ್ಮಾನ. ಅರ್ವಿಂಗ್ ಆದರೆ ಡಲ್ಲಾಸ್ ಕೌಂಟಿ. ಶೆರಿಫ್ ವೆಬ್‌ಸೈಟಿನಲ್ಲಿ ಕೈದಿಗಳ ಹೆಸರು ಹುಡುಕುವ ಪುಟ ಇರುತ್ತದೆ, ದಾವಣಗೆರೆಯಿಂದಲೂ ನೋಡಬಹುದು.

ಹುಡುಕುವಾಗ ನಮ್ಮವರ ಹೆಸರೇ ದೊಡ್ಡ ತೊಡಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸಿಗೂ ಅದೇ ಹೋಗಿರುತ್ತದೆ, ಜೈಲಿನವರು ಲೈಸೆನ್ಸ್ ನೋಡಿ ಬರೆದುಕೊಳ್ಳುತ್ತಾರೆ. ಆದ್ದರಿಂದ ಅವನ ಹೆಸರನ್ನು ಹಿಂದುಮುಂದು ಮಾಡಿ, ಅಪ್ಪನ ಹೆಸರು ಸೇರಿಸಿ, ಎಫ್‌ಎನ್‌ಯು ಹಾಕಿ, ಎಲ್ಲ ಬಗೆಯಲ್ಲೂ ಹುಡುಕಿ. ಹುಟ್ಟಿದ ದಿನ ಕೇಳಿದರೆ ತಿಂಗಳು ಮೊದಲು, ತಾರೀಖು ಆಮೇಲೆ.

ಅವನು ನಿಮಗೆ ಯಾಕೆ ಫೋನ್ ಮಾಡಿಲ್ಲ ಅಂತ ಗಾಬರಿಯಾಗಿದ್ದೀರಿ. ಅದಕ್ಕೂ ಕಾರಣವಿದೆ. ಜೈಲಿಗೆ ಹೋದ ತಕ್ಷಣ ನಡೆಯುವ ದಾಖಲಾತಿಗೆ ಇಲ್ಲಿ ಬುಕಿಂಗ್ ಅನ್ನುತ್ತಾರೆ. ಪರ್ಸು, ಬೆಲ್ಟು, ಶೂ ಲೇಸು, ಉಂಗುರ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಸಿ, ಪಟ್ಟಿ ಮಾಡಿ, ಸಹಿ ಹಾಕಿಸಿ ಚೀಲಕ್ಕೆ ಹಾಕುತ್ತಾರೆ. ಮೊಬೈಲೂ ಆ ಚೀಲದಲ್ಲೇ. ಫೋಟೋ, ಹತ್ತೂ ಬೆರಳಿನ ಗುರುತು, ಕಾಯಿಲೆಗಳ ಬಗ್ಗೆ ಪ್ರಶ್ನೆ, ಯಾವ ದೇಶದವನು ಅನ್ನುವ ಪ್ರಶ್ನೆ. ಜನ ಹೆಚ್ಚಿದ್ದ ರಾತ್ರಿ ಇಷ್ಟಕ್ಕೇ ಎಷ್ಟೋ ತಾಸು ಹಿಡಿಯುತ್ತದೆ. ಗೋಡೆಗೆ ಹಾಕಿದ ಫೋನಿನಿಂದ ಕರೆ ಮಾಡಲು ಬಿಡುತ್ತಾರೆ, ಆದರೆ ಅದರಿಂದ ಸಾಮಾನ್ಯವಾಗಿ ಭಾರತಕ್ಕೆ ಕರೆ ಹೋಗುವುದಿಲ್ಲ. ಇಲ್ಲಿನ ಯಾರ ನಂಬರೂ ಅವನಿಗೆ ಬಾಯಿಪಾಠ ಇರುವುದಿಲ್ಲ. ಹಾಗಾಗಿ ಅವನ ಮೌನದಿಂದ ಏನೇನೋ ಊಹಿಸಿಕೊಳ್ಳಬೇಡಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವನಾದರೆ ಜೈಲಿಗೆ ಫೋನ್ ಮಾಡಿ ವೈದ್ಯಕೀಯ ವಿಭಾಗಕ್ಕೆ ತಿಳಿಸಿ ಅಂತ ಇಲ್ಲಿನ ಗೆಳೆಯನಿಗೆ ಹೇಳಿ.

ಅವನು ಯಾರಿಗಾದರೂ ಕರೆ ಮಾಡಿದರೆ ಜಗಳದ ಬಗ್ಗೆ ಒಂದು ಮಾತೂ ಆಡಬಾರದು. ಆ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಸರ್ಕಾರಿ ವಕೀಲರು ಕೇಳಬಹುದು. ಕನ್ನಡದಲ್ಲಿ ಮಾತಾಡಿದರೆ ಇವರಿಗೇನು ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಅನುವಾದಕರನ್ನು ಗೊತ್ತುಮಾಡುವುದು ಅವರಿಗೆ ದೊಡ್ಡ ಕೆಲಸವಲ್ಲ. "ಸಿಟ್ಟಲ್ಲಿ ಕೈ ಮುಂದಾಯ್ತು ಅಣ್ಣಾ" ಅನ್ನುವ ಒಂದೇ ವಾಕ್ಯ ಸಾಕು, ಆಮೇಲೆ ಯಾವ ವಕೀಲನೂ ಅದನ್ನು ಅಳಿಸಲಾರ.

ಅರೆಸ್ಟ್ ಆದ 48 ತಾಸಿನೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಅದು ಕಾನೂನು. ಎಷ್ಟೋ ಕಡೆ ಇದು ವಿಡಿಯೋದಲ್ಲೇ ಆಗುತ್ತದೆ. ಆರೋಪ ಏನು ಅಂತ ಓದಿ ಹೇಳಿ, ಹಕ್ಕುಗಳನ್ನು ತಿಳಿಸಿ, ಬಾಂಡ್ ಮೊತ್ತ ಗೊತ್ತುಮಾಡುತ್ತಾರೆ. ನಿಮಗೆ ಮೊತ್ತ ತಿಳಿದಿದೆ ಅಂದರೆ ಆ ಹಂತ ಮುಗಿದಿರಬೇಕು.

ಈಗ ಬಾಂಡ್. ಮೂರು ದಾರಿ ಇವೆ. ಒಂದು, ಪೂರ್ತಿ 5,000 ಡಾಲರನ್ನು ನೇರವಾಗಿ ಕೌಂಟಿಗೆ ಕಟ್ಟುವುದು. ಅವನು ಪ್ರತಿ ತಾರೀಖಿಗೂ ಕೋರ್ಟಿಗೆ ಹಾಜರಾದರೆ, ಕೇಸು ಮುಗಿದ ಮೇಲೆ ಸಣ್ಣ ಶುಲ್ಕ ಹಿಡಿದು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ರಸೀದಿ ಯಾರ ಹೆಸರಲ್ಲಿ ಆಗಿದೆಯೋ ಅವರಿಗೇ ವಾಪಸ್, ಆದ್ದರಿಂದ ಕಟ್ಟುವವರ ಹೆಸರು ಸರಿಯಾಗಿ ಬರೆಸಿ. ಇನ್ನೊಂದು ಪರ್ಸನಲ್ ಬಾಂಡ್, ದುಡ್ಡಿಲ್ಲದೆ ಮಾತಿನ ಮೇಲೆ ಬಿಡುವುದು. 2021ರಲ್ಲಿ ಟೆಕ್ಸಾಸ್ ಕಾನೂನು ಬಿಗಿ ಮಾಡಿದ ಮೇಲೆ ಹಿಂಸೆಯ ಆರೋಪ ಇರುವವರಿಗೆ ಇದರ ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಉಳಿದದ್ದು ನಿಮ್ಮ ಗೆಳೆಯ ಹೇಳಿದ ದಾರಿ. ಬಾಂಡ್ಸ್‌ಮನ್ ನಿಮ್ಮಿಂದ ಸುಮಾರು ಶೇಕಡಾ 10 ತೆಗೆದುಕೊಂಡು, ಇವನು ಕೋರ್ಟಿಗೆ ಬರದಿದ್ದರೆ 5,000 ನಾನು ಕೊಡುತ್ತೇನೆ ಅಂತ ಬರೆದುಕೊಡುತ್ತಾನೆ.

ನಮ್ಮ ಕಡೆ ಜಾಮೀನುದಾರ ಅಂದರೆ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬರುವ ಪರಿಚಯದವರು ಅಥವಾ ನೆಂಟರು. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವುದನ್ನೇ ವ್ಯಾಪಾರ ಮಾಡಿಕೊಳ್ಳಲು ನಮ್ಮ ಕಾನೂನು ಒಪ್ಪುವುದಿಲ್ಲ. ಅಮೆರಿಕ, ಫಿಲಿಪೈನ್ಸ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಹೀಗೆ ಲೈಸೆನ್ಸ್ ಪಡೆದ ಉದ್ಯಮವಾಗಿ ಬೆಳೆದಿಲ್ಲ. ಬಡವನೊಬ್ಬ 500 ಡಾಲರ್ ಇಲ್ಲದ್ದಕ್ಕೆ ಒಳಗೇ ಕೊಳೆಯುವುದನ್ನು ನೋಡಿದರೆ ಈ ವ್ಯವಸ್ಥೆ ನ್ಯಾಯದ್ದಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆದರೂ ಇರುವುದು ಇದೇ, ಇದರೊಳಗೇ ಅವನನ್ನು ಹೊರಗೆ ತರಬೇಕು.

ಬಾಂಡ್ಸ್‌ಮನ್ ದಾರಿ ಹಿಡಿದರೆ, ಇಲ್ಲಿ ಯಾರು ಸಹಿ ಹಾಕುತ್ತಾರೆ ಅನ್ನುವುದನ್ನು ಯೋಚಿಸಿ. ನಿಮ್ಮ ತಮ್ಮನ ಜೊತೆ ಇನ್ನೊಬ್ಬರು ಕೋಸೈನರ್ ಆಗಬೇಕು ಅಂತ ಕೇಳುತ್ತಾರೆ. ತಮ್ಮ ಒಂದು ತಾರೀಖು ತಪ್ಪಿಸಿದರೂ ವಾರಂಟ್ ಬರುತ್ತದೆ, ಬಾಂಡ್ ಜಪ್ತಿಗೆ ಹೋಗುತ್ತದೆ, ಪೂರ್ತಿ 5,000ಕ್ಕೆ ಆ ಕೋಸೈನರ್ ಹೊಣೆ. ಆಫೀಸಿನ ಗೆಳೆಯನನ್ನು ಕೇಳುವ ಮೊದಲು ಇದನ್ನು ಅವನಿಗೆ ಬಿಡಿಸಿ ಹೇಳುವುದು ನಿಮ್ಮ ಕರ್ತವ್ಯ. ನಿಮ್ಮ ಕೈಲಿ ಪೂರ್ತಿ ಮೊತ್ತ ಹೊಂದಿಸಲು ಆಗುವುದಾದರೆ ಕೌಂಟಿಗೇ ಕಟ್ಟಿ ಅಂತ ನನ್ನ ಸಲಹೆ. ಆಗದಿದ್ದರೆ ಕೈಲಿರುವ ದುಡ್ಡನ್ನು ವಕೀಲರಿಗೆ ಇಟ್ಟುಕೊಂಡು ಬಾಂಡ್ಸ್‌ಮನ್ ಹತ್ತಿರ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪೊಲೀಸರು ಅಂತ ಹೇಳಿಕೊಂಡು ಫೋನ್ ಮಾಡಿ, ಗಿಫ್ಟ್ ಕಾರ್ಡಿನಲ್ಲೋ ಬಿಟ್‌ಕಾಯಿನ್‌ನಲ್ಲೋ ಬೇಲ್ ಕಟ್ಟಿ ಅನ್ನುವವರು ಕಳ್ಳರು. ಜೈಲು ಪಟ್ಟಿ ಎಲ್ಲರಿಗೂ ಕಾಣುವುದರಿಂದ ಇಂಥವರ ಕಣ್ಣಿಗೂ ಬೀಳುತ್ತದೆ.

ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಬಾಕಿ ಇದೆ, ಅದನ್ನು ಬಿಡಲೇಬೇಡಿ. ಬುಕಿಂಗ್‌ನಲ್ಲಿ ತೆಗೆದ ಬೆರಳಚ್ಚು ಎಫ್‌ಬಿಐ ಮೂಲಕ ವಲಸೆ ಇಲಾಖೆಯವರ ಕಂಪ್ಯೂಟರಿಗೂ ಹೋಗುತ್ತದೆ. ಅವರಿಗೆ ಬೇಕಾದವನಾದರೆ ಐಸ್ (ICE) ಅನ್ನುವ ವಲಸೆ ಪೊಲೀಸರು ಜೈಲಿಗೆ ಡಿಟೈನರ್ ಕಳಿಸುತ್ತಾರೆ: ಬಿಡುವ ಹೊತ್ತಾದ ಮೇಲೂ 48 ತಾಸಿನವರೆಗೆ ಇಟ್ಟುಕೊಂಡಿರಿ, ನಾವು ಬಂದು ಕರೆದೊಯ್ಯುತ್ತೇವೆ ಅಂತ. ಟೆಕ್ಸಾಸ್‌ನಲ್ಲಿ 2017ರ ಕಾನೂನಿನ ಪ್ರಕಾರ ಜೈಲುಗಳು ಅದಕ್ಕೆ ತಲೆಬಾಗಲೇಬೇಕು. ಡಿಟೈನರ್ ಇದ್ದಾಗ ಬಾಂಡ್ ಕಟ್ಟಿದರೆ ಅವನು ಮನೆಗೆ ಬರುವ ಬದಲು ವಲಸೆ ಬಂಧನಕ್ಕೆ ಹೋಗಬಹುದು, ಆಗ ಅಲ್ಲಿನ ಬಾಂಡೇ ಬೇರೆ. ವೀಸಾ ಸರಿಯಾಗಿದ್ದರೆ ಬಹುಶಃ ಡಿಟೈನರ್ ಇರಲಾರದು. ಆದರೂ ವಕೀಲರಿಂದ ಕೇಳಿಸಿ, ಇಲ್ಲ ಅಂತ ಗೊತ್ತಾದ ಮೇಲೆ ಕಟ್ಟಿ.

ವಕೀಲರೂ ಅಷ್ಟೇ, ಕ್ರಿಮಿನಲ್ ಗೊತ್ತಿದ್ದರೆ ಸಾಲದು, ವಲಸೆ ಕಾನೂನು ತಿಳಿದವರ ಜೊತೆ ಮಾತಾಡುವವರಾಗಿರಬೇಕು. ಇಲ್ಲಿ ಡಿಫರ್ಡ್ ಅಜುಡಿಕೇಶನ್ ಅನ್ನುವ ಒಂದು ರಾಜಿಯ ದಾರಿ ಇದೆ. ತಪ್ಪೊಪ್ಪಿಗೆ ಕೊಟ್ಟು, ಷರತ್ತುಗಳನ್ನು ಪಾಲಿಸಿದರೆ, ಟೆಕ್ಸಾಸ್ ಲೆಕ್ಕದಲ್ಲಿ ಅದು ಶಿಕ್ಷೆಯಲ್ಲ. ವಲಸೆ ಕಾನೂನಿನ ಲೆಕ್ಕದಲ್ಲಿ ಅದೇ ಶಿಕ್ಷೆಯಾಗುತ್ತದೆ, ಕೌಟುಂಬಿಕ ಹಿಂಸೆಯ ಶಿಕ್ಷೆ ಗಡೀಪಾರಿಗೆ ಕಾರಣವಾಗುತ್ತದೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಒಳ್ಳೆಯ ರಾಜಿಯಾಗಿರುವುದು ವೀಸಾದವನಿಗೆ ನೇಣು. ಈ ಬಗೆಯ ಪರಿಣಾಮವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಹೊಣೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿಗೂ ತಿಳಿಸಿ. ಅವರು ಬೇಲ್ ಕಟ್ಟುವುದಿಲ್ಲ, ಆದರೆ ವಕೀಲರ ಪಟ್ಟಿ ಕೇಳಬಹುದು. ಭಾರತೀಯರ ವಿಷಯದಲ್ಲಿ, ಒಳಗಿರುವವನು ತಾನಾಗಿ ಕೇಳಿಕೊಂಡರೆ ಮಾತ್ರ ಜೈಲಿನವರು ಕಾನ್ಸುಲೇಟಿಗೆ ಹೇಳಬೇಕಾಗುತ್ತದೆ.

ಇನ್ನು ಬಿಡುಗಡೆ. ಬಾಂಡ್ ಕಟ್ಟಿದ ಮೇಲೂ ತಾಸುಗಟ್ಟಲೆ ಕಾಯಿಸುತ್ತಾರೆ. ಕೈಲಿ ಪ್ಲಾಸ್ಟಿಕ್ ಚೀಲ, ಚಾರ್ಜ್ ಇಲ್ಲದ ಫೋನು, ಲೇಸಿಲ್ಲದ ಶೂ, ಹೊರಗೆ ಅಪರಾತ್ರಿ: ಹೀಗೆ ಹೊರಬರುವುದನ್ನು ನಾನು ಲಾಬಿಯಲ್ಲಿ ಕೂತು ನೋಡಿದ್ದೇನೆ. ಆ ಹೊತ್ತಿಗೆ ಎಲ್ಲರಿಗೂ ಬೇಕಿರುವುದು ಮನೆ, ಹಾಸಿಗೆ. ಅಲ್ಲೇ ಹಾಳಾಗುವುದು. ಇಂಥ ಕೇಸುಗಳಲ್ಲಿ ಮ್ಯಾಜಿಸ್ಟ್ರೇಟ್ ತುರ್ತು ರಕ್ಷಣಾ ಆದೇಶ ಹೊರಡಿಸಿರಬಹುದು, ಸಾಮಾನ್ಯವಾಗಿ 31ರಿಂದ 61 ದಿನಗಳದ್ದು. ಅದು ಹೆಂಡತಿ ಕೇಳಿಯೇ ಆಗಬೇಕೆಂದಿಲ್ಲ, ಪೊಲೀಸರು ಕೇಳಿದರೂ ಸಾಕು, ಮ್ಯಾಜಿಸ್ಟ್ರೇಟ್ ತಾವಾಗಿಯೂ ಮಾಡಬಹುದು. ಆದೇಶದಲ್ಲಿ ಮನೆಯ ಹತ್ತಿರ ಹೋಗಬಾರದು ಅಂತಿದ್ದರೆ, ಲೀಸ್ ಅವನ ಹೆಸರಲ್ಲಿದ್ದರೂ, ಬಾಡಿಗೆ ಅವನೇ ಕಟ್ಟುತ್ತಿದ್ದರೂ ಹೋಗುವಂತಿಲ್ಲ. ಹೆಂಡತಿಯೇ "ಬನ್ನಿ, ಊಟ ಮಾಡಿ" ಅಂತ ಕರೆದರೂ ಹೋಗುವಂತಿಲ್ಲ. ಆದೇಶ ಕೊಟ್ಟಿದ್ದು ಕೋರ್ಟು, ತೆಗೆಯಬೇಕಾದದ್ದೂ ಕೋರ್ಟೇ. ಮುರಿದರೆ ಹೊಸ ಕೇಸು, ಮತ್ತೆ ಜೈಲು. ವೀಸಾದವರಿಗೆ ಈ ಉಲ್ಲಂಘನೆ ಒಂದೇ ಗಡೀಪಾರಿಗೆ ಪ್ರತ್ಯೇಕ ಕಾರಣವಾಗಬಹುದು. ಆದ್ದರಿಂದ ಅವನನ್ನು ಕರೆತರಲು ಹೋಗುವ ಗೆಳೆಯ ಮೊದಲು ಆ ಕಾಗದ ಓದಿಸಲಿ, ಸೀದಾ ತನ್ನ ಮನೆಗೋ ಹೋಟೆಲಿಗೋ ಕರೆದುಕೊಂಡು ಹೋಗಲಿ. ಬಟ್ಟೆ, ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಹೇಗೆ ತರಿಸಿಕೊಳ್ಳುವುದು ಅಂತ ವಕೀಲರು ಹೇಳುತ್ತಾರೆ.

ಕೊನೆಯದಾಗಿ, ನಿಮ್ಮ ಇಡೀ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ನಿಮ್ಮ ನಾದಿನಿಯ, ಅಂದರೆ ತಮ್ಮನ ಹೆಂಡತಿಯ ಬಗ್ಗೆ. "ಅವಳು ಕಂಪ್ಲೇಂಟ್ ವಾಪಸ್ ತಗೊಂಡರೆ ಮುಗೀತಲ್ಲ" ಅಂತ ಬರೆದಿದ್ದೀರಿ. ಮುಗಿಯುವುದಿಲ್ಲ. ಇಲ್ಲಿ ಕೇಸು ನಡೆಸುವುದು ಸರ್ಕಾರ, ಕೈಬಿಡುವುದೂ ಸರ್ಕಾರಿ ವಕೀಲರ ತೀರ್ಮಾನ. ಊರಿನಿಂದ ಅತ್ತೆ ಮಾವ, ದೊಡ್ಡಪ್ಪ ಎಲ್ಲ ಸೇರಿ ಫೋನ್ ಮಾಡಿ ಹೇಳಿಕೆ ಬದಲಿಸು ಅಂತ ಒತ್ತಾಯಿಸಿದರೆ ಅದು ಸಾಕ್ಷಿಯನ್ನು ತಿದ್ದುವ ಬೇರೊಂದು ಅಪರಾಧವಾಗಿ ತಮ್ಮನ ಕುತ್ತಿಗೆಗೇ ಬರಬಹುದು. ಅವನ ಮಾತನ್ನು ಅವರಿಗೆ ನೀವು ತಲುಪಿಸಲೂ ಬೇಡಿ. ಆ ರಾತ್ರಿ ನಿಜಕ್ಕೂ ಏನಾಯಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅವರಿಗೆ ಗೊತ್ತು. ಏನು ಹೇಳಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು, ಅದಕ್ಕೆ ಅವರದೇ ಆದ ವಕೀಲರು ಇರಲಿ. ಡಲ್ಲಾಸ್ ಕಡೆ ಚೇತನಾ, ಹ್ಯೂಸ್ಟನ್‌ನಲ್ಲಿ ದಯಾ ಅನ್ನುವ ಸಂಸ್ಥೆಗಳಿವೆ, ನಮ್ಮ ಕಡೆಯ ಹೆಣ್ಣುಮಕ್ಕಳ ಪರಿಸ್ಥಿತಿ ಅವರಿಗೆ ಗೊತ್ತು. ನಾದಿನಿ ಎಚ್-4 ವೀಸಾದಲ್ಲಿದ್ದು (ಎಚ್-1ಬಿಯವರ ಸಂಗಾತಿಗೆ ಕೊಡುವ ವೀಸಾ) ಕೆಲಸದ ಪರವಾನಗಿ ಇಲ್ಲದಿದ್ದರೆ ಅವರು ಇಲ್ಲಿ ದುಡಿಯುವಂತೆಯೂ ಇಲ್ಲ, ಕಾರ್ಡು, ಬ್ಯಾಂಕು ಎಲ್ಲ ತಮ್ಮನ ಹೆಸರಲ್ಲಿರಬಹುದು, ಬಾಡಿಗೆಯ ದಿನ ಬಂದೇ ಬರುತ್ತದೆ. ಆದೇಶದಲ್ಲಿ ಏನಿದೆ ಅಂತ ವಕೀಲರನ್ನು ಕೇಳಿಕೊಂಡು, ಬೇಲ್‌ಗೆ ದುಡ್ಡು ಹೊಂದಿಸುವಾಗ ಅವರ ತಿಂಗಳ ಖರ್ಚಿಗೂ ಸೇರಿಸಿ ಹೊಂದಿಸಿ.