ಡೀಸೆಲ್ ಎಂಜಿನ್ ಬಿಸಿಯಲ್ಲಿ ಸ್ನಾನದ ನೀರು

ಪ್ರಶ್ನೆ: ನಮ್ಮದು ಹೊಸನಗರದ ಕಡೆ ಒಂಟಿ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರ್ನಾಲ್ಕು ದಿನ ಕರೆಂಟ್ ಇರುವುದಿಲ್ಲ. ತೋಟಕ್ಕೆ ನೀರು ಹೊಡೆಯುತ್ತಿದ್ದ 5 ಎಚ್‌ಪಿ ಡೀಸೆಲ್ ಎಂಜಿನ್ ಸುಮ್ನೆ ಬಿದ್ದಿದೆ. ನೀರಿನಿಂದ ತಣಿಯುವಂಥದ್ದು. ಅದಕ್ಕೆ ಆಲ್ಟರ್ನೇಟರ್ ಕೂಡಿಸಿದರೆ ಕರೆಂಟಿನ ಜೊತೆ ಬಚ್ಚಲಿಗೆ ಬಿಸಿನೀರೂ ಸಿಗುತ್ತದೆಯೇ?

ಉತ್ತರ: ಖಂಡಿತ ಸಿಗುತ್ತದೆ. ಆದರೆ ಎಂಜಿನ್ ಓಡಿಸುವುದು ಕರೆಂಟಿಗಾಗಿ ಇರಲಿ. ಬರೀ ಸ್ನಾನಕ್ಕೆಂದು ಡೀಸೆಲ್ ಸುಡಬೇಡಿ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಸೋಗೆ ಇದ್ದೇ ಇದೆ, ಅಲ್ವಾ?

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ಇಂಥ ಎಂಜಿನ್‌ನಲ್ಲಿ ಕರೆಂಟಾಗಿ ಕೈಗೆ ಬರುವುದು ಎರಡೂವರೆ ಯೂನಿಟ್ ಅಷ್ಟೇ. ಸುಮಾರು 3 ಯೂನಿಟ್ ತಣಿಸುವ ನೀರಿಗೆ ಸೇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಹೊಗೆಯ ಜೊತೆ ಹೋಗುತ್ತದೆ. ಆ 3 ಯೂನಿಟ್ ಹಿಡಿದರೆ 60 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರುತ್ತದೆ. ತಣ್ಣೀರು ಬೆರೆಸಿಕೊಂಡರೆ ನಾಲ್ಕು ಜನರ ಸ್ನಾನ ಆಯಿತು.

ಎಂಜಿನ್‌ಗಿಂತ ಎತ್ತರದಲ್ಲಿ 100 ಲೀಟರಿನ ಡ್ರಮ್ ಇಡಿ. ಎಂಜಿನ್ ಮೇಲಿನ ಪೈಪು ಡ್ರಮ್ಮಿನ ಮೇಲ್ಭಾಗಕ್ಕೆ, ಡ್ರಮ್ಮಿನ ತಳದ ಪೈಪು ಎಂಜಿನ್ ಕೆಳಕ್ಕೆ. ಬಿಸಿನೀರು ತಾನೇ ಮೇಲೇರುತ್ತದೆ, ಪಂಪು ಬೇಡ. ನೀರಿನ ಮಟ್ಟ ಮಾತ್ರ ಮೇಲಿನ ಪೈಪಿಗಿಂತ ಕೆಳಗಿಳಿಯಬಾರದು. ಡ್ರಮ್ಮಿನ ಬಾಯಿ ಬಿಗಿಯಾಗಿ ಮುಚ್ಚಬೇಡಿ. ಒಳಗೆ ತಾಮ್ರದ ಸುರುಳಿ ಇಳಿಸಿ, ಅದರ ಮೂಲಕ ಬಚ್ಚಲಿಗೆ ನೀರು ಹಾಯಿಸಿ. ಡ್ರಮ್ಮಿನ ನೀರಲ್ಲಿ ತುಕ್ಕು, ಎಣ್ಣೆ ಇರುತ್ತದೆ, ಮೈಗೆ ಬೇಡ. ಗುಡ್ಡದಿಂದ ಹರಿದುಬರುವ ತಣ್ಣನೆಯ ಅಬ್ಬಿ ನೀರನ್ನು ನೇರವಾಗಿ ಎಂಜಿನ್‌ಗೆ ಬಿಡುವವರಿದ್ದಾರೆ. ಅದು ತಪ್ಪು. ಎಂಜಿನ್ ತೀರಾ ತಣ್ಣಗಿದ್ದರೆ ಡೀಸೆಲ್ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ, ಆಯಿಲ್ ಬೇಗ ಕೆಡುತ್ತದೆ.

ದಿನವಿಡೀ ನಾಲ್ಕು ಬಲ್ಬಿಗಾಗಿ ಓಡಿಸಿದರೆ ಡೀಸೆಲ್ ದಂಡ. ಸಂಜೆ ಎರಡು ಗಂಟೆ ಓಡಿಸಿ. ಇನ್ವರ್ಟರ್ ಚಾರ್ಜಿಂಗ್, ಮಿಕ್ಸಿ, ನೀರಿನ ಮೋಟಾರು ಎಲ್ಲ ಆಗಲೇ ಆಗಲಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮಳೆ ಹೊಡೆಯುತ್ತದೆಂದು ಎಂಜಿನ್ನನ್ನು ಜಗಲಿಗೋ ಕೊಟ್ಟಿಗೆಗೋ ಎಳೆದುಕೊಳ್ಳಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸದೆ ಕೊಲ್ಲುತ್ತದೆ. ಮನೆಯಿಂದ ದೂರ ಗಾಳಿಯಾಡುವ ಪ್ರತ್ಯೇಕ ಮಾಡು ಕಟ್ಟಿ. ಚೇಂಜ್‌ಓವರ್ ಸ್ವಿಚ್ಚೂ (ಮನೆಗೆ ಲೈನ್ ಇಲ್ಲವೇ ಎಂಜಿನ್, ಒಂದನ್ನೇ ಜೋಡಿಸುವಂಥದ್ದು) ಬೇಕೇ ಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟ್ ಲೈನಿಗೆ ಹರಿದು, ಮರ ತೆಗೆಯಲು ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ.

ಡೀಸೆಲ್ ದರವನ್ನು ಎರಡೂವರೆಯಿಂದ ಭಾಗಿಸಿ ನೋಡಿ, ಯೂನಿಟ್ಟಿಗೆ ಬೀಳುವ ಖರ್ಚು ತಿಳಿಯುತ್ತದೆ. ಜಾಸ್ತಿ ಅನ್ನಿಸಿದರೆ ಮನೆ ಹಿಂದಿನ ಹಳ್ಳ ನೋಡಿ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಸಣ್ಣ ಟರ್ಬೈನ್ ಸುಮಾರು 1 ಕಿಲೋವಾಟ್ ಕೊಡುತ್ತದೆ, ಹಗಲೂ ರಾತ್ರಿ. ಅದೂ ಕರೆಂಟ್ ಹೋಗುವ ಮಳೆಗಾಲದಲ್ಲೇ. ಅದೇ 100 ಲೀಟರ್ ಡ್ರಮ್ ಹಳ್ಳಕ್ಕೆ ಒಯ್ದು ಹಿಡಿಯಿರಿ. ಹತ್ತು ಸೆಕೆಂಡಿನೊಳಗೆ ತುಂಬಿದರೆ ಎತ್ತರ ಅಳೆದು ನನಗೆ ಬರೆಯಿರಿ.